ಹೊಸ ಬೆಂಗಳೂರನ್ನು ನೋಡುವ ಬಗೆ: ಕೊಡಗಿನ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ಓದು ಮುಗಿದ ಮೇಲೆ ಉದ್ಯೋಗಕ್ಕೋ ಹೆಚ್ಚಿನ ವ್ಯಾಸಂಗಕ್ಕೋ ಬೆಂಗಳೂರಿಗೆ ಹೋಗುವವರು ಕೊಡಗಿನ ಪ್ರತಿಯೊಂದು ಕಾಲೇಜಿನಲ್ಲೂ ಇದ್ದಾರೆ. ಆದರೆ ಕಾಲೇಜಿನ ದಿನಗಳಲ್ಲಿ ಅವರು ನೋಡಿಬರುವ ಬೆಂಗಳೂರು ಸಾಮಾನ್ಯವಾಗಿ ಲಾಲ್‌ಬಾಗ್, ವಿಧಾನಸೌಧ ಮತ್ತು ಒಂದೆರಡು ಮಾಲ್‌ಗಳಷ್ಟಕ್ಕೇ ಮುಗಿದುಹೋಗುತ್ತದೆ. ಮುಂದೆ ತಾವು ಮುಂಗಡ ಕಟ್ಟಿ, ಬಾಡಿಗೆ ತೆತ್ತು, ದಿನವೂ ಓಡಾಡಬೇಕಾದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಹೊರವರ್ತುಲ ರಸ್ತೆಯ ಬಡಾವಣೆಗಳನ್ನು ಅವರು ಮೊದಲ ಬಾರಿಗೆ ಕಾಣುವುದು ಕೆಲಸಕ್ಕೆ ಸೇರುವ ದಿನ, ಕೈಯಲ್ಲಿ ಸೂಟ್‌ಕೇಸು ಹಿಡಿದುಕೊಂಡು. ವಿದ್ಯಾರ್ಥಿಯಾಗಿರುವಾಗಲೇ, ಕೊಳ್ಳುವ ಅಥವಾ ಸೇರುವ ಒತ್ತಡವಿಲ್ಲದೆ, ಈ ಹೊಸ ಭಾಗಗಳನ್ನು ನಡೆದು ನೋಡಿಬಂದವರಿಗೆ ಮುಂದಿನ ತೀರ್ಮಾನಗಳು ಎಷ್ಟೋ ಸುಲಭವಾಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ನೋಡುವುದಕ್ಕೆ ಒಂದು ಕ್ರಮ ಬೇಕು.

ಗಾಜಿನ ಕಟ್ಟಡಗಳನ್ನು ಹೊರಗಿನಿಂದ ಎಷ್ಟು ಹೊತ್ತು ನೋಡಿದರೂ ಅವು ಏನನ್ನೂ ತಿಳಿಸುವುದಿಲ್ಲ. ಆದ್ದರಿಂದ ಎಲ್ಲಿಗೆ ಹೋದರೂ ಮೂರು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಂಡು ಹೋಗಬೇಕು. ಇದಕ್ಕೆ ಮೊದಲು ಈ ಜಾಗದಲ್ಲಿ ಏನಿತ್ತು? ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಮಳೆ ಬಂದರೆ ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆ ಇಲ್ಲಿಗೆ ಯಾರು ಬರುತ್ತಾರೆ, ರಾತ್ರಿ ಇಲ್ಲಿ ಯಾರು ಉಳಿಯುತ್ತಾರೆ? ಈ ಮೂರಕ್ಕೂ ಅರ್ಧಂಬರ್ಧ ಉತ್ತರ ಸಿಕ್ಕರೂ ಆ ಬಡಾವಣೆ ನಿಮಗೆ ಪರಿಚಯವಾಯಿತೆಂದೇ ಅರ್ಥ.

ಹೊರಡುವ ಮೊದಲು

ನಾಲ್ಕೈದು ಮಂದಿಯ ಗುಂಪು ಸಾಕು. ನಲವತ್ತು ಮಂದಿ ಒಂದೇ ಬಸ್ಸಿನಲ್ಲಿ ಹೋಗುವ ಕಾಲೇಜು ಪ್ರವಾಸದಲ್ಲಿ ಬಸ್ಸು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ, ನಡೆದು ನೋಡುವ ಅವಕಾಶವೇ ಉಳಿಯುವುದಿಲ್ಲ.

ದಿನವನ್ನು ಆರಿಸುವಾಗ ಭಾನುವಾರವನ್ನು ಬಿಟ್ಟುಬಿಡಿ. ಐ.ಟಿ. ಪಾರ್ಕ್‌ಗಳ ಸುತ್ತಲಿನ ಬೀದಿಗಳು ರಜಾದಿನದಲ್ಲಿ ಖಾಲಿಯಾಗಿರುತ್ತವೆ. ಮೂರನೆಯ ಪ್ರಶ್ನೆಗೆ ಆಗ ಉತ್ತರವೇ ಸಿಗುವುದಿಲ್ಲ. ಮಂಗಳವಾರದಿಂದ ಗುರುವಾರದೊಳಗಿನ ಯಾವುದಾದರೂ ಕೆಲಸದ ದಿನ ಒಳ್ಳೆಯದು. ಮನೆಯಲ್ಲಿ ಕಾಫಿ ಕೊಯ್ಲಿನ ಸಮಯವಾಗಿದ್ದರೆ ಹೊರಡುವುದು ಕಷ್ಟ. ಕೊಯ್ಲು ಮುಗಿದು ಪರೀಕ್ಷೆಗಳು ಇನ್ನೂ ದೂರವಿರುವ ವಾರಗಳು ಅನುಕೂಲಕರ.

ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ ಒಂದು ದಿನಕ್ಕೆ ಒಂದೇ ದಿಕ್ಕು. ವೈಟ್‌ಫೀಲ್ಡ್ ನಗರದ ಪೂರ್ವದ ಅಂಚು, ಎಲೆಕ್ಟ್ರಾನಿಕ್ ಸಿಟಿ ದಕ್ಷಿಣದ ಅಂಚು. ಎರಡನ್ನೂ ಒಂದೇ ದಿನ ಮುಗಿಸಲು ಹೊರಟವರು ಎರಡನ್ನೂ ಕಿಟಕಿಯಿಂದ ಮಾತ್ರ ನೋಡಿಕೊಂಡು ಮರಳುತ್ತಾರೆ.

ಹೋಗುವ ಹಿಂದಿನ ರಾತ್ರಿ ಫೋನಿನಲ್ಲಿ ನಕ್ಷೆ ತೆರೆದು, ನೀವು ನೋಡಲಿರುವ ಜಾಗದ ಸುತ್ತಲಿನ ಹಳ್ಳಿಗಳ ಮತ್ತು ಕೆರೆಗಳ ಹೆಸರುಗಳನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳಿ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಇದಕ್ಕೆ ಬಹಳ ಉಪಯುಕ್ತ. ಆರ್‌ಟಿಸಿ, ಸರ್ವೆ ನಂಬರು, ಪೋಡಿ ಎಂಬ ಮಾತುಗಳನ್ನು ಮನೆಯಲ್ಲಿ ಕೇಳುತ್ತಲೇ ಬೆಳೆದ ಕೊಡಗಿನ ಮಕ್ಕಳಿಗೆ ಅದನ್ನು ಬಳಸುವುದು ಕಷ್ಟವೇನಲ್ಲ. ಹತ್ತು ಅಂತಸ್ತಿನ ಕಟ್ಟಡದ ಮುಂದೆ ನಿಂತು ಆ್ಯಪ್ ತೆರೆದರೆ, ಆ ಜಾಗ ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿದೆ, ಪಕ್ಕದಲ್ಲಿ ಕೆರೆಯೋ ಕಾಲುವೆಯೋ ದಾಖಲಾಗಿದೆಯೇ ಎಂಬುದು ಕಾಣಿಸುತ್ತದೆ.

ಕಾಲೇಜಿನ ಗುರುತಿನ ಚೀಟಿ ಮತ್ತು ಆಧಾರ್ ಎರಡೂ ಜೊತೆಗಿರಲಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ವಿದ್ಯಾರ್ಥಿನಿಯರು ಕೆಎಸ್‌ಆರ್‌ಟಿಸಿ ಮತ್ತು ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಹವಾನಿಯಂತ್ರಿತ ಮತ್ತು ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಹಗುರವಾದ ಬೆನ್ನುಚೀಲ, ನೀರಿನ ಬಾಟಲಿ, ಕೊಡೆ, ನಡೆದು ಅಭ್ಯಾಸವಿರುವ ಚಪ್ಪಲಿ ಅಥವಾ ಷೂ, ಪವರ್ ಬ್ಯಾಂಕ್ ಇಷ್ಟಿದ್ದರೆ ಸಾಕು.

ನಗರದೊಳಗೆ ಬರುವ ದಾರಿ

ಕೊಡಗಿಗೆ ರೈಲು ಇಲ್ಲವಾದ್ದರಿಂದ ಬಸ್ಸೇ ಗತಿ. ಮಡಿಕೇರಿಯಿಂದ ಕುಶಾಲನಗರ, ಹುಣಸೂರು, ಮೈಸೂರು ಮಾರ್ಗವಾಗಿ ಬೆಂಗಳೂರಿಗೆ ಸುಮಾರು 250 ಕಿ.ಮೀ.; ವಿರಾಜಪೇಟೆ, ಗೋಣಿಕೊಪ್ಪ ಕಡೆಯವರೂ ಹುಣಸೂರಿನ ಮೇಲೆಯೇ ಬರುತ್ತಾರೆ. ಈ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಬರುತ್ತವೆ. ಅಲ್ಲಿಂದ ಹತ್ತಿರದ ಮೆಟ್ರೋ ನಿಲ್ದಾಣ ದೀಪಾಂಜಲಿನಗರ. ನಿಮ್ಮ ಬಸ್ಸಿಗೆ ಕೆಂಗೇರಿಯಲ್ಲಿ ನಿಲುಗಡೆ ಇದೆಯೇ ಎಂದು ಕಂಡಕ್ಟರನ್ನು ಮೊದಲೇ ಕೇಳಿಕೊಂಡು, ಇದ್ದರೆ ಅಲ್ಲಿಯೇ ಇಳಿದು ‘ಕೆಂಗೇರಿ ಬಸ್ ಟರ್ಮಿನಲ್’ ನಿಲ್ದಾಣದಲ್ಲಿ ಮೆಟ್ರೋ ಹತ್ತುವುದು ಇನ್ನೂ ಒಳ್ಳೆಯದು. ಊರೊಳಗಿನ ವಾಹನದಟ್ಟಣೆ ತಪ್ಪುತ್ತದೆ, ಕುಳಿತುಕೊಳ್ಳಲು ಜಾಗವೂ ಸಿಗುತ್ತದೆ. ಸೋಮವಾರಪೇಟೆ, ಶನಿವಾರಸಂತೆ ಕಡೆಯಿಂದ ಹಾಸನದ ಮೇಲೆ ಬರುವವರು ತುಮಕೂರು ರಸ್ತೆಯಿಂದ ನಗರವನ್ನು ಪ್ರವೇಶಿಸುತ್ತಾರೆ. ಅವರಿಗೆ ಆ ರಸ್ತೆಯುದ್ದಕ್ಕೂ ಹಸಿರು ಮಾರ್ಗದ ನಿಲ್ದಾಣಗಳಿವೆ.

ಮೆಟ್ರೋದಲ್ಲಿ ಈಗ ಮೂರು ಬಣ್ಣಗಳನ್ನು ನೆನಪಿಟ್ಟುಕೊಂಡರೆ ಸಾಕು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದು ನೇರಳೆ ಮಾರ್ಗ. 2023ರ ಅಕ್ಟೋಬರ್ 9ರಿಂದ ಅದು 37 ನಿಲ್ದಾಣಗಳೊಂದಿಗೆ ಪೂರ್ಣವಾಗಿ ಓಡುತ್ತಿದೆ. ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗಿನದು ಹಸಿರು ಮಾರ್ಗ. ಇವೆರಡೂ ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ 19.15 ಕಿ.ಮೀ. ಉದ್ದದ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡಿತು. ಮಾರ್ಗ ಬದಲಿಸುವಾಗ ಹೊರಗೆ ಹೋಗದಿದ್ದರೆ ಹೊಸ ಟಿಕೆಟ್ ಬೇಕಿಲ್ಲ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ದರ ಕನಿಷ್ಠ 10 ರೂಪಾಯಿ, ಗರಿಷ್ಠ 90 ರೂಪಾಯಿ ಎಂದು ನಿಗದಿಯಾಯಿತು. ದಿನದಲ್ಲಿ ನಾಲ್ಕೈದು ಬಾರಿ ಹತ್ತಿ ಇಳಿಯುವವರಿಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ದೂರದ ಓಡಾಟಕ್ಕೆ ಮೆಟ್ರೋ, ಹತ್ತಿರದ ಓಡಾಟಕ್ಕೆ ಬಿಎಂಟಿಸಿ ಬಸ್ಸು ಮತ್ತು ಕಾಲ್ನಡಿಗೆ ಎಂದು ಹಂಚಿಕೊಳ್ಳಿ. ರಾತ್ರಿ ಬಸ್ಸಿನಲ್ಲಿ ಬರುವವರು ನಸುಕಿನಲ್ಲೇ ತಲುಪುತ್ತಾರೆ. ಬೆಳಕು ಹರಿಯುವವರೆಗೆ ಬಸ್ ನಿಲ್ದಾಣದೊಳಗೇ ಇರುವುದು ಕ್ಷೇಮ.

ಮೊದಲ ದಿನ: ಪೂರ್ವದ ದಿಕ್ಕು

ವೈಟ್‌ಫೀಲ್ಡ್‌ಗೆ ಹೋಗುವ ದಿನ ಮೊದಲು ಎಂ.ಜಿ. ರಸ್ತೆಯಲ್ಲಿ ಇಳಿಯಬೇಕೆಂದು ನಾನು ಸೂಚಿಸುತ್ತೇನೆ. ನಮ್ಮ ಮೆಟ್ರೋದ ಮೊದಲ ರೈಲು 2011ರ ಅಕ್ಟೋಬರ್ 20ರಂದು ಓಡಿದ್ದು ಬೈಯಪ್ಪನಹಳ್ಳಿಯಿಂದ ಇಲ್ಲಿಯವರೆಗೆ. ಸುಭಾಷ್‌ಚಂದ್ರ ಬೋಸ್ ಹೆಸರಿನ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಇಲ್ಲೇ ಇದೆ. ಒಂದು ಕಾಲಕ್ಕೆ ಊರಿನಲ್ಲೇ ಎತ್ತರದ ಕಟ್ಟಡವಾಗಿದ್ದ ಅದನ್ನು ನೋಡಿದರೆ ಹಿಂದಿನ ತಲೆಮಾರಿಗೆ ಆಧುನಿಕತೆ ಎಂದರೆ ಹೇಗಿತ್ತೆಂಬುದು ತಿಳಿಯುತ್ತದೆ. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ರೆಸಿಡೆನ್ಸಿ ರಸ್ತೆಯ ಅಧಿಕೃತ ಹೆಸರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ, ರಿಚ್ಮಂಡ್ ರಸ್ತೆಯದು ಜನರಲ್ ತಿಮ್ಮಯ್ಯ ರಸ್ತೆ. ಶನಿವಾರಸಂತೆಯಲ್ಲಿ 1899ರಲ್ಲಿ ಹುಟ್ಟಿದವರ ಮತ್ತು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದವರ ಹೆಸರಿನ ಈ ಎರಡು ರಸ್ತೆಗಳಲ್ಲಿ ಕೊಡಗಿನ ವಿದ್ಯಾರ್ಥಿಗಳು ಒಮ್ಮೆ ನಡೆದು ಬರಲೇಬೇಕು. ಸಮಯವಿದ್ದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೂ, 2023ರಲ್ಲಿ ಅದೇ ರಸ್ತೆಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯಕ್ಕೂ ಹೋಗಬಹುದು.

ಮುಂದಿನ ಇಳಿತಾಣ ಇಂದಿರಾನಗರ. ವಾಸಕ್ಕೆಂದು ನಿವೇಶನ ಮಾಡಿ ಹಂಚಿದ ಬಡಾವಣೆಯೊಂದು ಹೇಗೆ ವ್ಯಾಪಾರದ ಬೀದಿಯಾಗಿ ಮಾರ್ಪಡುತ್ತದೆ ಎಂಬುದನ್ನು ನೂರಡಿ ರಸ್ತೆಯಲ್ಲಿ ಕಾಣಬಹುದು: ಕೆಳಗಿನ ಅಂತಸ್ತಿನಲ್ಲಿ ಬಟ್ಟೆಯಂಗಡಿ, ಮೇಲೆ ಹೋಟೆಲು, ಪಕ್ಕದ ಅಡ್ಡರಸ್ತೆಗೆ ತಿರುಗಿದರೆ ಇನ್ನೂ ಹಾಗೆಯೇ ಉಳಿದಿರುವ ಹಂಚಿನ ಮುಂಗಟ್ಟಿನ ಮನೆ. ಇಲ್ಲಿ ಕೊಡಗಿನವರಿಗೆಂದೇ ಒಂದು ಅಭ್ಯಾಸವನ್ನು ಹೇಳುತ್ತೇನೆ. ಹೊಸ ಬಗೆಯ ಕಾಫಿ ಅಂಗಡಿಯೊಂದರ ಮುಂದೆ ನಿಂತು ಅಲ್ಲಿನ ಬೋರ್ಡನ್ನು ಓದಿ. ಯಾವ ಎಸ್ಟೇಟಿನ ಬೀಜ, ಎಷ್ಟು ಎತ್ತರದಲ್ಲಿ ಬೆಳೆದದ್ದು, ಹಣ್ಣನ್ನು ಹೇಗೆ ಸಂಸ್ಕರಿಸಿದ್ದು ಎಂಬುದನ್ನೆಲ್ಲ ಇಂಥ ಅಂಗಡಿಗಳಲ್ಲಿ ಬರೆದಿರುತ್ತಾರೆ. ಕೊಡಗಿನ ಹೆಸರೂ ಆಗಾಗ ಕಾಣಸಿಗುತ್ತದೆ. ಒಂದು ಕಪ್ಪಿನ ಬೆಲೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಊರಿಗೆ ಮರಳಿದ ಮೇಲೆ, 50 ಕೆ.ಜಿ. ಚೀಲದ ಲೆಕ್ಕದಲ್ಲಿ ಆ ದಿನ ಅರೇಬಿಕಾ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ಹೊಟ್ಟು ಸಮೇತದ ಕಾಫಿ ಬೀಜ) ಇದ್ದ ದರವನ್ನು ಅದರ ಪಕ್ಕದಲ್ಲಿ ಬರೆಯಿರಿ. ಎರಡು ಸಂಖ್ಯೆಗಳ ನಡುವೆ ಯಾರ್‍ಯಾರ ಕೆಲಸ, ಯಾರ್‍ಯಾರ ಬಾಡಿಗೆ, ಯಾವ ಯಾವ ತೆರಿಗೆ ಸೇರಿಕೊಂಡಿದೆ ಎಂದು ಪಟ್ಟಿ ಮಾಡಲು ಕುಳಿತರೆ, ಹೊಸ ನಗರದ ಅರ್ಥವ್ಯವಸ್ಥೆಯ ಒಂದು ಪಾಠ ಅಲ್ಲಿಯೇ ಆಗುತ್ತದೆ. ವಾಣಿಜ್ಯ ವಿಷಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕಿರುಯೋಜನೆ ನನಗೆ ತೋಚುವುದಿಲ್ಲ.

ಇಂದಿರಾನಗರದಿಂದ ಮುಂದೆ ರೈಲಿನ ಬಾಗಿಲ ಬಳಿ ನಿಂತು ನಿಲ್ದಾಣಗಳ ಹೆಸರುಗಳನ್ನು ಕೇಳಿಸಿಕೊಳ್ಳಿ. ಬೆನ್ನಿಗಾನಹಳ್ಳಿ, ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ. ಮೊದಲ ಪ್ರಶ್ನೆಗೆ ಉತ್ತರ ಈ ಪಟ್ಟಿಯಲ್ಲಿಯೇ ಇದೆ: ಇವೆಲ್ಲ ಹೊಲ, ತೋಪು, ಕೆರೆಗಳಿದ್ದ ಹಳ್ಳಿಗಳು. ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಐಟಿಪಿಎಲ್ ಎಂದು ಎಲ್ಲರೂ ಕರೆಯುವ ಟೆಕ್ ಪಾರ್ಕ್ ಎದುರಾಗುತ್ತದೆ. ಭಾರತ ಮತ್ತು ಸಿಂಗಪುರದ ಸಹಭಾಗಿತ್ವದಲ್ಲಿ 1990ರ ದಶಕದಲ್ಲಿ ಹುಟ್ಟಿದ ಈ ಪಾರ್ಕೇ ವೈಟ್‌ಫೀಲ್ಡ್‌ನ ಈಗಿನ ರೂಪಕ್ಕೆ ನಾಂದಿಯಾಯಿತು.

ಅಲ್ಲಿಂದ ಹೋಪ್‌ಫಾರ್ಮ್ ಚನ್ನಸಂದ್ರದಲ್ಲಿ ಇಳಿದು, ಆಟೊ ಹಿಡಿದು, ಹಳೆಯ ವೈಟ್‌ಫೀಲ್ಡ್‌ನ ಇನ್ನರ್ ಸರ್ಕಲ್‌ಗೆ ಹೋಗಿ. ಮೈಸೂರಿನ ಮಹಾರಾಜ ಚಾಮರಾಜ ಒಡೆಯರು 1882ರಲ್ಲಿ 3,900 ಎಕರೆ ಜಮೀನನ್ನು ವ್ಯವಸಾಯದ ವಸಾಹತಿಗೆಂದು ಒಂದು ಸಂಘಕ್ಕೆ ನೀಡಿದರು. ಆ ಸಂಘದ ಹೆಸರನ್ನು ಕೊಡಗಿನವರು ಗಮನಿಸಬೇಕು: ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘ. ಅದರ ಸ್ಥಾಪಕ ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಅವರಿಂದ ಊರಿಗೆ ಈ ಹೆಸರು ಬಂತು. ನಡುವೆ ಬಯಲು, ಸುತ್ತ ವೃತ್ತಾಕಾರದ ರಸ್ತೆ, ಹಳೆಯ ಮೆಮೋರಿಯಲ್ ಚರ್ಚು, ಅಳಿದುಳಿದ ಕೆಲವು ಬಂಗಲೆಗಳು ಇವನ್ನು ನೋಡಿದ ಮೇಲೆ ವೈಟ್‌ಫೀಲ್ಡ್ ಕೇವಲ ಮೂವತ್ತು ವರ್ಷದ ಊರಲ್ಲ ಎಂಬುದು ಮನಸ್ಸಿಗೆ ಬರುತ್ತದೆ.

ನೀರಿನ ಪ್ರಶ್ನೆ

ಕೊಡಗಿನವರು ಈ ಪ್ರಶ್ನೆಯನ್ನು ಬಿಡುವಂತಿಲ್ಲ. ಬೆಂಗಳೂರಿನ ಕುಡಿಯುವ ನೀರು ತಲಕಾವೇರಿಯಲ್ಲಿ ಹುಟ್ಟಿದ ನದಿಯದು. ಮಳವಳ್ಳಿ ಬಳಿಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಶುದ್ಧೀಕರಿಸಿ, ಮೂರು ಹಂತಗಳಲ್ಲಿ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ತರಲಾಗುತ್ತದೆ. ಮೊದಲ ಹಂತದ ಯೋಜನೆ 1974ರದು. ದಿನಕ್ಕೆ 775 ದಶಲಕ್ಷ ಲೀಟರು ತರುವ ಐದನೆಯ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವುದು ಅದರ ಮುಖ್ಯ ಉದ್ದೇಶ. ನೀವು ನೋಡಲು ಹೊರಟಿರುವ ಹೊಸ ಬಡಾವಣೆಗಳಲ್ಲಿ ಅನೇಕವು ಆ 110 ಹಳ್ಳಿಗಳ ಜಮೀನಿನಲ್ಲಿಯೇ ಎದ್ದಿವೆ. ಕಟ್ಟಡಗಳು ಮೊದಲು ಬಂದವು, ಕೊಳವೆ ಆಮೇಲೆ ಬಂತು. ಅಪಾರ್ಟ್‌ಮೆಂಟಿನ ಗೇಟಿನ ಬಳಿ ನೀರಿನ ಟ್ಯಾಂಕರ್ ನಿಂತಿದ್ದರೆ, ಚಾಲಕನನ್ನು ‘ಅಣ್ಣಾ, ನೀರು ಎಲ್ಲಿಂದ ತರ್ತೀರಿ?’ ಎಂದು ವಿನಯದಿಂದ ಕೇಳಿ ನೋಡಿ. ಯಾವ ಹಳ್ಳಿಯ ಕೊಳವೆಬಾವಿ, ದಿನಕ್ಕೆ ಎಷ್ಟು ಲೋಡು, ಬೇಸಿಗೆಯಲ್ಲಿ ದರ ಎಷ್ಟು ಏರುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ.

ಇನ್ನು ಹರಿದುಹೋಗುವ ನೀರು. ಬೆಂಗಳೂರಿನ ಕೆರೆಗಳು ಒಂದರ ಕೋಡಿಯಿಂದ ಇನ್ನೊಂದಕ್ಕೆ ರಾಜಕಾಲುವೆಗಳ ಮೂಲಕ ಜೋಡಿಸಿದ ಸರಪಳಿ. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ ಹೋಗುತ್ತದೆ. ಹೊರವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳು ಈ ಸರಪಳಿಯ ನಡುವೆಯೇ ಇವೆ. 2022ರ ಸೆಪ್ಟೆಂಬರ್ ಆರಂಭದ ಮಳೆಗೆ ಆ ರಸ್ತೆ ಮುಳುಗಿ, ಟ್ರ್ಯಾಕ್ಟರುಗಳಲ್ಲಿ ಜನ ಕಚೇರಿಗೆ ಹೋದದ್ದನ್ನು ನಾಡೆಲ್ಲ ನೋಡಿತು. ಬೆಳ್ಳಂದೂರು ಕಡೆಗೆ ಹೋದಾಗ ರಸ್ತೆಯ ಸಣ್ಣ ಸೇತುವೆಯೊಂದರ ಮೇಲೆ ನಿಂತು ಕೆಳಗಿನ ರಾಜಕಾಲುವೆಯನ್ನು ನೋಡಿ: ಅದರ ಅಗಲ ಎಷ್ಟು, ಎರಡೂ ಬದಿಯ ಗೋಡೆ ಎಲ್ಲಿಯವರೆಗೆ ಬಂದಿದೆ, ಕಟ್ಟಡ ಎಷ್ಟು ಹತ್ತಿರದಲ್ಲಿದೆ, ಮೇಲಿನ ಕೆರೆ ಯಾವುದು, ಕೆಳಗಿನದು ಯಾವುದು. ನಮ್ಮಲ್ಲಿ ಗದ್ದೆಯ ಬದಿಯ ತೋಡನ್ನು ಮುಚ್ಚಿದರೆ ಮಳೆಗಾಲದಲ್ಲಿ ನೀರು ಗದ್ದೆಯ ಮೇಲೆಯೇ ದಾರಿ ಮಾಡಿಕೊಳ್ಳುವಂತೆ, ಇಲ್ಲಿಯೂ ನೀರು ತನ್ನ ಹಳೆಯ ಹಾದಿಯನ್ನೇ ಹಿಡಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದನ್ನು ಕಂಡ ಊರಿನ ಮಕ್ಕಳಿಗೆ ಇಳಿಜಾರನ್ನು ಓದುವ ಕಣ್ಣು ಇದ್ದೇ ಇದೆ. ಮುಂದೆ ಮನೆ ಬಾಡಿಗೆಗೆ ಹಿಡಿಯುವಾಗ ಬ್ರೋಕರು ಹೇಳದ ವಿಷಯ ಆ ಕಣ್ಣಿಗೆ ಕಾಣುತ್ತದೆ.

ಎರಡನೆಯ ದಿನ: ದಕ್ಷಿಣದ ದಿಕ್ಕು

ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿಂದ ಹಳದಿ ಮಾರ್ಗ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಒಂದೇ ಕಂಬಗಳ ಸಾಲಿನ ಮೇಲೆ ಕೆಳಗೆ ವಾಹನಗಳ ಮೇಲ್ಸೇತುವೆ, ಅದರ ಮೇಲೆ ರೈಲುಹಳಿ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜಯದೇವ ನಿಲ್ದಾಣದಲ್ಲಿ ಇಳಿದು ಕೆಳಗಿನಿಂದ ಈ ರಚನೆಯನ್ನು ನೋಡಬೇಕು.

ಹೊಂಗಸಂದ್ರದಲ್ಲಿ ಇಳಿದು ಬೇಗೂರಿಗೆ ಹೋಗಿಬರುವುದು ಸ್ವಲ್ಪ ಸುತ್ತು ದಾರಿ, ಆದರೂ ಬಿಡಬೇಡಿ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಹಳಗನ್ನಡ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸುವುದಕ್ಕೆ ಆರು ಶತಮಾನಗಳಿಗೂ ಹಿಂದೆಯೇ ಈ ಹೆಸರು ಇತ್ತೆಂಬುದಕ್ಕೆ ಸಾಕ್ಷಿಯಾದ ಕಲ್ಲು, ಐ.ಟಿ. ಕಾರಿಡಾರ್ ಎಂದು ಕರೆಯುವ ಹೊಸೂರು ರಸ್ತೆಯ ಪಕ್ಕದ ಊರಿನಲ್ಲೇ ಇದೆ.

ಎಲೆಕ್ಟ್ರಾನಿಕ್ ಸಿಟಿಯ ಕಥೆ ಸಾಫ್ಟ್‌ವೇರ್ ಕಂಪನಿಗಳಿಂದ ಆರಂಭವಾಗುವುದಿಲ್ಲ. ರಾಜ್ಯ ಸರ್ಕಾರ 1976ರಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ಸ್ ಅಭಿವೃದ್ಧಿ ನಿಗಮ ಕಿಯೋನಿಕ್ಸ್, ಅದರ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಅವರ ಕಲ್ಪನೆಯಂತೆ, 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 300 ಎಕರೆಗೂ ಹೆಚ್ಚಿನ ಜಮೀನಿನಲ್ಲಿ ಇದನ್ನು ಎಬ್ಬಿಸಿತು. ಖಾಸಗಿ ಕಂಪನಿಗಳ ಅದ್ದೂರಿ ಕ್ಯಾಂಪಸ್‌ಗಳ ಹಿಂದೆ ಸಾರ್ವಜನಿಕ ಸಂಸ್ಥೆಯೊಂದರ ದೂರದೃಷ್ಟಿ ಇತ್ತೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

ಇಲ್ಲಿ ನೋಡಲೇಬೇಕಾದದ್ದು ಒಂದು ಗಡಿ. ಕೈಗಾರಿಕಾ ಪ್ರದೇಶದ ಒಳಗಿನ ರಸ್ತೆ, ಚರಂಡಿ, ಬೀದಿದೀಪಗಳ ಹೊಣೆ 2013ರಿಂದ ಪ್ರತ್ಯೇಕ ಟೌನ್‌ಶಿಪ್ ಪ್ರಾಧಿಕಾರದ್ದು. ಅಲ್ಲಿನ ಕಾಲುದಾರಿಯಲ್ಲಿ ನಡೆಯುತ್ತಾ ದೊಡ್ಡತೋಗೂರಿನ ಕಡೆಗೆ ತಿರುಗಿ. ಕೆಲವೇ ಹೆಜ್ಜೆಗಳಲ್ಲಿ ಕಾಲುದಾರಿ ಕಿರಿದಾಗುತ್ತದೆ, ತಂತಿಗಳು ತಲೆಯ ಮೇಲೆ ಬರುತ್ತವೆ, ಪಿ.ಜಿ.ಗಳ ಬೋರ್ಡುಗಳು ಸಾಲುಗಟ್ಟುತ್ತವೆ. ಟು ಶೇರಿಂಗ್, ತ್ರೀ ಶೇರಿಂಗ್, ಹಾಟ್ ವಾಟರ್, ವೈಫೈ, ಊಟ ಎಷ್ಟು ಹೊತ್ತು, ಮುಂಗಡ ಎಷ್ಟು ಎಂಬುದನ್ನು ಬರೆದುಕೊಳ್ಳಿ. ಸಾಧ್ಯವಾದರೆ ಒಂದೆರಡು ಕಡೆ ಒಳಗೆ ಹೋಗಿ ಕೋಣೆ ತೋರಿಸಲು ಕೇಳಿ: ಕಿಟಕಿ ಗೋಡೆಗೆ ತೆರೆಯುತ್ತದೋ ಗಾಳಿಗೆ ತೆರೆಯುತ್ತದೋ, ಎಷ್ಟು ಮಂದಿಗೆ ಒಂದು ಸ್ನಾನದಮನೆ, ಬೆಂಕಿ ಹತ್ತಿದರೆ ಇಳಿಯಲು ಎರಡನೆಯ ಮೆಟ್ಟಿಲಿದೆಯೇ. ಸಂಜೆ ಐದೂವರೆಯಿಂದ ಏಳರವರೆಗೆ ಅಲ್ಲಿಯೇ ಟೀ ಅಂಗಡಿಯೊಂದರಲ್ಲಿ ಕುಳಿತರೆ ಮೂರನೆಯ ಪ್ರಶ್ನೆಗೆ ಉತ್ತರ ಕಣ್ಣ ಮುಂದೆಯೇ ನಡೆದು ಹೋಗುತ್ತದೆ. ಐ.ಡಿ. ಕಾರ್ಡು ಕೊರಳಲ್ಲಿದ್ದವರು ಕ್ಯಾಬ್ ಹತ್ತುತ್ತಾರೆ. ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು, ಅಡುಗೆಯವರು ಬಸ್ಸಿಗೆ ಕಾಯುತ್ತಾರೆ ಇಲ್ಲವೇ ಹಳ್ಳಿಯ ಓಣಿಗಳತ್ತ ನಡೆಯುತ್ತಾರೆ.

ಪಾಲಿಸಬೇಕಾದ ಕೆಲವು ಎಚ್ಚರಗಳು

ಕಂಪನಿಗಳ ಆವರಣದೊಳಗೆ ಮುಂಚಿತ ಅನುಮತಿಯಿಲ್ಲದೆ ಬಿಡುವುದಿಲ್ಲ, ಗೇಟಿನಲ್ಲಿ ವಾದಿಸಿ ಪ್ರಯೋಜನವೂ ಇಲ್ಲ. ಒಳಗೆ ನೋಡಲೇಬೇಕಿದ್ದರೆ ಕಾಲೇಜಿನ ಪ್ರಾಂಶುಪಾಲರ ಪತ್ರದೊಂದಿಗೆ ಸಾಕಷ್ಟು ಮೊದಲೇ ಬರೆದು ಕೇಳಬೇಕು. ಅಲ್ಲಿ ಕೆಲಸ ಮಾಡುವ ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರ ಮೂಲಕ ಪ್ರಯತ್ನಿಸಿದರೆ ದಾರಿ ಸುಗಮ. ಭದ್ರತಾ ಗೇಟುಗಳ, ರಕ್ಷಣಾ ಸಂಸ್ಥೆಗಳ ಜಾಗಗಳ ಫೋಟೊ ತೆಗೆಯಬಾರದು. ಜನರ ಫೋಟೊ ತೆಗೆಯುವ ಮೊದಲು ಕೇಳಬೇಕು. ಆಟೊ ಹತ್ತುವ ಮೊದಲು ದರ ಮಾತಾಡಿಕೊಳ್ಳಿ ಅಥವಾ ಮೀಟರು ಹಾಕಲು ಹೇಳಿ.

ಮಧ್ಯಾಹ್ನದ ಊಟಕ್ಕೆ ಫುಡ್ ಕೋರ್ಟಿಗಿಂತ ಹಳೆಯ ಹಳ್ಳಿಯ ಭಾಗದಲ್ಲಿರುವ ದರ್ಶಿನಿ ಅಥವಾ ಮೆಸ್ ಮೇಲು. ಖರ್ಚು ಕಡಿಮೆ, ಊರಿನ ವಿಷಯ ತಿಳಿದವರು ಸಿಗುವುದೂ ಅಲ್ಲೇ. ಜೋರು ಮಳೆ ಬಂದಾಗ ಅಂಡರ್‌ಪಾಸ್‌ಗಳಿಗೆ ಕಾಲಿಡಬೇಡಿ, ವಾಹನದಲ್ಲಿದ್ದರೂ ಇಳಿಯಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡದ್ದು ನಗರದ ನಡುಮಧ್ಯದಲ್ಲಿ. ಕತ್ತಲಾದ ಮೇಲೆ ಗುಂಪು ಚದುರಬಾರದು; ಯಾವುದೇ ತೊಂದರೆಯಾದರೆ 112ಕ್ಕೆ ಕರೆ ಮಾಡಿ. ಉಳಿದುಕೊಳ್ಳಲು ನೆಂಟರ ಮನೆಯಿದ್ದರೆ ಅದೇ ಒಳ್ಳೆಯದು, ಆದರೆ ಅವರ ಮನೆ ಯಾವ ದಿಕ್ಕಿನಲ್ಲಿದೆ ಎಂಬುದನ್ನು ನೋಡಿಕೊಂಡು ಮರುದಿನದ ದಾರಿಯನ್ನು ನಿರ್ಧರಿಸಿ.

ಮರಳುವ ಬಸ್ಸಿನ ಟಿಕೆಟನ್ನು ಹೊರಡುವ ಮೊದಲೇ ಕಾದಿರಿಸಿ. ಶುಕ್ರವಾರ ಸಂಜೆ ಮತ್ತು ಹಬ್ಬದ ಮುನ್ನಾದಿನಗಳಲ್ಲಿ ಕೊಡಗಿನ ಕಡೆಯ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಸ್ಯಾಟಲೈಟ್ ನಿಲ್ದಾಣಕ್ಕೆ ಬರಲು, ಎರಡು ಕಡೆ ಮೆಟ್ರೋ ಬದಲಿಸಬೇಕಾಗಿರುವುದರಿಂದ, ಎರಡು ಗಂಟೆಯನ್ನಾದರೂ ಇಟ್ಟುಕೊಳ್ಳಿ. ಮಡಿಕೇರಿಯಿಂದಲೋ ಗೋಣಿಕೊಪ್ಪದಿಂದಲೋ ನಿಮ್ಮ ಊರಿಗೆ ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಮನೆಯವರನ್ನು ಕೇಳಿ ತಿಳಿದುಕೊಂಡು, ಅದಕ್ಕೆ ಸರಿಹೊಂದುವ ರಾತ್ರಿ ಬಸ್ಸನ್ನೇ ಆರಿಸಿ.